ಅರಮನೆಯ ದೀಪ ಮತ್ತು ಎಂಟು ಸೆಕೆಂಡಿನ ಕತ್ತಲು

ದಸರಾದ ಒಂದು ರಾತ್ರಿ ಮೈಸೂರಿನ ಒಂದು ಲಾಡ್ಜಿನ ತಾರಸಿ ಮೇಲೆ ನಿಂತು ಅರಮನೆಯ ದೀಪ ನೋಡಿದೆ. ನನ್ನನ್ನು ಅಲ್ಲಿಗೆ ಹತ್ತಿಸಿದವನು ನನ್ನ ಹಳೆಯ ವಿದ್ಯಾರ್ಥಿ, ನಮ್ಮ ಕೇರಿಯ ಹುಡುಗ. ನನ್ನ ಕೈಯಲ್ಲಿ ಏಳನೇ ಕ್ಲಾಸು ಮುಗಿಸಿದ. ಪಿಯುಸಿ ಅರ್ಧಕ್ಕೆ ಬಿಟ್ಟ. ಈಗ ಆ ಲಾಡ್ಜಿನಲ್ಲಿ ರೂಮ್ ಬಾಯ್. ಯಾರೋ ಮಾರಿದ ಹಳೆ ಕ್ಯಾಮೆರಾ ಒಂದನ್ನು ಕಂತಿನ ಮೇಲೆ ಕೊಂಡಿದ್ದಾನೆ. "ಸಾ, ಒಂದ್ಸಲ ಬನ್ನಿ ಸಾ, ಮ್ಯಾಲಿಂದ ಅರಮನೆ ತೋರಿಸ್ತೀನಿ" ಅಂತ ಎರಡು ವರ್ಷದಿಂದ ಕರೀತಾ ಇದ್ದ. ಹೋದೆ.

ಆ ರಾತ್ರಿ ಅವನು ತೆಗೆದ ಒಂದು ಫೋಟೋ ನನ್ನ ನಿದ್ದೆ ಕೆಡಿಸಿತು. ಆ ನಿದ್ದೆಗೇಡಿನ ಲೆಕ್ಕವನ್ನು ಗೆಳೆಯರ ಮುಂದೆ ಇಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಇಷ್ಟೆ: ಎತ್ತರದಲ್ಲಿ ನಿಂತು ಚೆಂದವನ್ನು ನೋಡುವವನಿಗೆ ಕೆಳಗಿರುವವರ ಬಗ್ಗೆ ಏನಾದರೂ ಹೊಣೆ ಇದೆಯೆ? ಇದ್ದರೆ ಅದು ಎಂಥ ಹೊಣೆ?

ಮೊದಲು ಎತ್ತರದ ಮಾತು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಮಾಳಿಗೆ ಮನೆ ಇದ್ದದ್ದು ಎರಡೇ. ಆ ಮನೆಗಳ ಮಾಳಿಗೆ ಹಾಗಿರಲಿ, ಜಗುಲಿ ಹತ್ತಿದರೂ ಬೆನ್ನಿನ ಮೇಲೆ ಬರೆ ಏಳುತ್ತಿತ್ತು. ತೇರಿನ ದಿನ ಆ ಮಾಳಿಗೆಗಳ ಮೇಲೆ ಹೆಂಗಸರು ಮಕ್ಕಳು ತುಂಬಿರುತ್ತಿದ್ದರು. ನಾವು ದೂರದ ಹುಣಸೆ ಮರದ ಕೆಳಗೆ. ನಮಗೆ ಕಾಣುತ್ತಿದ್ದುದು ತೇರಿನ ಕಳಸ, ಮೇಲಿನ ಬಾವುಟ, ಎದ್ದ ದೂಳು. ಒಂದು ವರ್ಷ ನಾನು ಮರ ಹತ್ತಿದೆ. ಕೆಳಗಿನಿಂದ ಯಾರೋ ಕಲ್ಲು ಬೀಸಿದರು. "ಇಳಿಯೋ, ತೇರಿಗಿಂತ ಮೇಲೆ ಕೂರ್ತೀಯಾ?" ಅಂದರು. ಯಾರು ಎಲ್ಲಿ ನಿಂತು ಏನನ್ನು ನೋಡಬಹುದು ಅನ್ನುವುದಕ್ಕೂ ನಮ್ಮ ದೇಶದಲ್ಲಿ ಕಟ್ಟಳೆ ಇತ್ತು ಎಂಬುದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಪೇಟೆಯಲ್ಲಿ ಆ ಕಟ್ಟಳೆ ಬೇರೆ ರೂಪದಲ್ಲಿದೆ. ಹಬ್ಬದ ದಿನಗಳಲ್ಲಿ ಆ ತಾರಸಿಯ ಮೇಲೆ ಕುರ್ಚಿಗೆ ಇಷ್ಟು ಅಂತ ದರ. ದುಡ್ಡು ಕೊಟ್ಟವರಿಗೆ ಮುಂದಿನ ಸಾಲು. ನಮ್ಮ ಹುಡುಗ ಆ ಕುರ್ಚಿಗಳನ್ನು ನಾಲ್ಕು ಮಹಡಿ ಹೊತ್ತು ಹಾಕುತ್ತಾನೆ, ಕಾಫಿ ತರುತ್ತಾನೆ. ಎಲ್ಲರೂ ಇಳಿದ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಮೂಲೆಯಲ್ಲಿ ತನ್ನ ಮುಕ್ಕಾಲಿ ನಿಲ್ಲಿಸುತ್ತಾನೆ.

ಅಲ್ಲಿಂದ ಕಂಡದ್ದನ್ನು ಸುಳ್ಳು ಹೇಳದೆ ಹೇಳಬೇಕು. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿದಾಗ ತಾರಸಿ ತಾರಸಿಗಳಿಂದ "ಹೋ" ಅಂತ ಸದ್ದು ಎದ್ದಿತು. ನನ್ನ ಬಾಯಿಂದಲೂ ಬಂತು. ಕಮಾನು, ಗುಮ್ಮಟ, ನಡುವಿನ 145 ಅಡಿಯ ಗೋಪುರ ಎಲ್ಲಕ್ಕೂ ಬೆಳಕಿನ ಅಂಚು. ಹಿಂದೆ ಚಾಮುಂಡಿ ಬೆಟ್ಟದ ದಾರಿಯ ದೀಪಗಳು. ಹುಣಸೆ ಮರದ ಕೆಳಗಿನ ಹುಡುಗ ನನ್ನೊಳಗೆ ಎದ್ದು ಕೂತು ಕಣ್ಣು ತುಂಬ ನೋಡಿದ.

ಹುಡುಗ ಕಸುಬುದಾರನ ಹಾಗೆ ವಿವರಿಸಿದ. "ಪೂರ್ತಿ ಕತ್ತಲಾದ ಮ್ಯಾಲೆ ತೆಗುದ್ರೆ ಬರೀ ದೀಪದ ಗೆರೆ ಬತ್ತದೆ ಸಾ, ಕಟ್ಟಡದ ಮೈಯೇ ಇರಕಿಲ್ಲ. ಹೊತ್ತು ಮುಳುಗಿ ಇಪ್ಪತ್ತು ನಿಮಿಷಕ್ಕೆ ಆಕಾಶ ನೀಲಿ ಇರ್ತದಲ್ಲ, ಅವಾಗ ತೆಗೀಬೇಕು." ಆ ಹೊತ್ತಿಗೆ ಅವನು ಕಾಫಿ ಲೋಟ ಎತ್ತುತ್ತಿದ್ದ. ಅದಕ್ಕೇ ಅವನಿಗೆ ಸಿಗುವುದು ಕತ್ತಲೆಯೇ. ಕಣ್ಣಿಗೆ ಕಂಡಷ್ಟು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಬೆಳಕು ಒಳಗೆ ಬರುವ ತೂತನ್ನು ಕಿರಿದು ಮಾಡಿ, ಶಟರನ್ನು ಹೊತ್ತು ಹಿಡಿದು ತೆರೆದಿಡಬೇಕು. ಆಗ ದೀಪಗಳು ನಕ್ಷತ್ರದ ಹಾಗೆ ಚೂಪಾಗಿ ಬರುತ್ತವೆ. ಕೈ ಅಲುಗಬಾರದು, ಅದಕ್ಕೇ ಮುಕ್ಕಾಲಿ. ಅವನು ಎಂಟು ಸೆಕೆಂಡು ಇಟ್ಟ. ಉಸಿರು ಹಿಡಿದು ನಿಂತ. ಆಮೇಲೆ ಹಿಂದಿನ ಪರದೆಯಲ್ಲಿ ಚಿತ್ರ ತೋರಿಸಿದ.

ಅರಮನೆ ಥಳಥಳ ಹೊಳೆಯುತ್ತಿತ್ತು. ಮುಂದಿನ ರಸ್ತೆಯಲ್ಲಿ ಕಾರು, ಬಸ್ಸುಗಳ ದೀಪ ಕೆಂಪು ಬಿಳಿ ದಾರದ ಹಾಗೆ ಎಳೆದುಕೊಂಡಿತ್ತು. ಜನ ಇರಲಿಲ್ಲ. ಒಂದು ಗಳಿಗೆಯ ಹಿಂದೆ ನಾನೇ ಬಗ್ಗಿ ನೋಡಿದ ರಸ್ತೆ ಅದು. ಕಾಲಿಡಲು ಜಾಗ ಇರಲಿಲ್ಲ. ಬಲೂನು ಮಾರುವವರು, ಪೀಪಿ ಊದುವವರು, ಹೆಗಲ ಮೇಲೆ ಮಗು ಕೂರಿಸಿಕೊಂಡ ಹಳ್ಳಿಯ ಅಪ್ಪಂದಿರು, ಕಸ ಗುಡಿಸುವವರು. ಚಿತ್ರದಲ್ಲಿ ರಸ್ತೆ ತೊಳೆದಿಟ್ಟ ಹಾಗೆ ಖಾಲಿ.

"ನೋಡಿ ಸಾ, ಎಷ್ಟು ಕ್ಲೀನಾಗಿ ಬಂದದೆ. ಒಬ್ರೂ ಅಡ್ಡ ಬಂದಿಲ್ಲ."

"ಜನ ಎಲ್ಲಿ ಹೋದರೋ?"

"ಓಡಾಡ್ತಾ ಇದ್ರೆ ಬರಕಿಲ್ಲ ಸಾ. ನಿಂತಿರೋದು ಮಾತ್ರ ಬರೋದು. ಕೆಳಗೆ ನಮ್ ಚಿಕ್ಕವ್ವನೂ ಇತ್ತು. ಈಗ್ತಾನೆ ಟೀ ಕೊಟ್ಟು ಬಂದೆ. ಗುಡಿಸ್ತಾ ಇತ್ತಲ್ಲ, ಬಂದಿಲ್ಲ."

ಅವನು ಬಹಳ ಸಾದಾ ಆಗಿ ಹೇಳಿದ. ನನಗೆ ಮಾತ್ರ ಆ "ಕ್ಲೀನು" ಅನ್ನುವ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ರಸ್ತೆಯನ್ನು ನಿಜವಾಗಿ ಕ್ಲೀನು ಮಾಡುತ್ತಿದ್ದವಳು ಆ ತಾಯಿ. ಅವಳು ಇಲ್ಲದೆ ಹೋದದ್ದರಿಂದ ಚಿತ್ರ ಕ್ಲೀನಾಯಿತು.

ಇದರಲ್ಲಿ ಯಾವ ಮಾಯ ಮಂತ್ರವೂ ಇಲ್ಲ. ಎಂಟು ಸೆಕೆಂಡಿನಲ್ಲಿ ಒಂದೇ ಕಡೆ ಇದ್ದದ್ದು ಎಂಟು ಸೆಕೆಂಡಿನ ಬೆಳಕನ್ನು ಒಟ್ಟುಮಾಡಿಕೊಳ್ಳುತ್ತದೆ. ಸರಿಯುತ್ತಿರುವ ಮನುಷ್ಯ ಯಾವ ಜಾಗದಲ್ಲೂ ಅರೆ ಸೆಕೆಂಡು ನಿಲ್ಲುವುದಿಲ್ಲ. ಅವನ ಮೇಲೆ ಬಿದ್ದ ಬೆಳಕು ಚೂರು ಚೂರಾಗಿ ಹರಡಿ, ಹಿಂದಿನ ನೆಲದ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಕಾರಿಗಾದರೆ ತನ್ನದೇ ದೀಪ ಇದೆ, ಅದು ಗೆರೆ ಬಿಟ್ಟು ಹೋಗುತ್ತದೆ. ಕಾಲ್ನಡಿಗೆಯವನಿಗೆ ದೀಪ ಇಲ್ಲ, ಗೆರೆಯೂ ಇಲ್ಲ. ಅರಮನೆಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಅಚ್ಚುಕಟ್ಟಾಗಿ ಬರುತ್ತದೆ.

ಈ ಕಾನೂನು ಫೋಟೋಗ್ರಫಿಯ ಹುಟ್ಟಿನಿಂದಲೇ ಇದೆ. 1838ರಲ್ಲಿ ಪ್ಯಾರಿಸ್ ನಗರದಲ್ಲಿ ಲೂಯಿ ದಾಗೇರ್ ಎಂಬಾತ ಎತ್ತರದ ಕಿಟಕಿಯೊಂದರಿಂದ ಕೆಳಗಿನ ಬುಲವಾರ್ ದು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ, ಹಲವು ನಿಮಿಷ ಬೆಳಕಿಗೆ ಒಡ್ಡಿ. ಹಾಡುಹಗಲು. ಗಾಡಿ, ಕುದುರೆ, ಜನ ತುಂಬಿ ತುಳುಕುವ ಬೀದಿ ಅದು. ತಗಡಿನಲ್ಲಿ ಬೀದಿ ನಿರ್ಜನ. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ನಿಂತಿದ್ದಾನೆ, ಒಂದು ಕಾಲೆತ್ತಿ. ಬೂಟು ಪಾಲೀಶು ಮಾಡಿಸಿಕೊಳ್ಳಲು ಅಲ್ಲಾಡದೆ ನಿಂತದ್ದರಿಂದ ಅವನು ಉಳಿದ. ಗುರುತಿಸಬಹುದಾದ ಮನುಷ್ಯ ಇರುವ ಮೊದಲ ಫೋಟೋ ಇದೇ ಎಂದು ಹೇಳುತ್ತಾರೆ. ಪಕ್ಕದಲ್ಲಿ ಬಗ್ಗಿ ಬೂಟು ಉಜ್ಜುತ್ತಿರುವವನೂ ಇದ್ದಾನೆ, ಮಸುಕಾಗಿ. ಕೈ ಆಡುತ್ತಿತ್ತಲ್ಲ.

ಮರು ವರ್ಷ, 1839ರಲ್ಲಿ, ತಂತಿ ಸಂದೇಶಕ್ಕೆ ಹೆಸರಾದ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ಪ್ಯಾರಿಸ್ಸಿನಲ್ಲಿ ಆ ಚಿತ್ರ ನೋಡಿ ತನ್ನ ದೇಶಕ್ಕೆ ಕಾಗದ ಬರೆದ. ಬೂಟು ಉಜ್ಜಿಸಿಕೊಳ್ಳುತ್ತಿರುವ ಒಬ್ಬನನ್ನು ಬಿಟ್ಟರೆ ಬೀದಿ ಪೂರ್ತಿ ಖಾಲಿ ಎಂಬುದು ಅವನ ವರದಿ. ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಬೂಟು ತಾನಾಗಿ ಉಜ್ಜಿಕೊಳ್ಳುತ್ತದೆಯೆ? ಉಜ್ಜುವವನು ಒಬ್ಬ ಇರಲೇಬೇಕು. ಅವನ ಪೆಟ್ಟಿಗೆಯ ಮಾತು ಮೋರ್ಸನ ಕಾಗದದಲ್ಲಿದೆ. ಎಣಿಕೆಯಲ್ಲಿ ಅವನು ಇಲ್ಲ. ಅರ್ಧ ಅಳಿಸಿದ್ದು ಯಂತ್ರ. ಉಳಿದರ್ಧ ಅಳಿಸಿದ್ದು ನೋಡಿದವನ ಕಣ್ಣು. ಮೆಟ್ಟು ಹೊಲಿಯುವ ಕುಲದಲ್ಲಿ ಹುಟ್ಟಿದವರಿಗೆ ಈ ಲೆಕ್ಕ ಹೊಸದಲ್ಲ. ನಾವು ಹೊಲಿದ ಮೆಟ್ಟು ಊರೊಳಗೆ ನಡೆದಾಡುತ್ತಿತ್ತು. ನಾವು ಊರ ಹೊರಗೆ ನಿಂತಿದ್ದೆವು.

ಅಂದರೆ ಮನುಷ್ಯ ಚಿತ್ರದಲ್ಲಿ ಉಳಿಯಬೇಕಾದರೆ ನಿಂತಿರಬೇಕು. ಸುಮ್ಮನೆ ನಿಲ್ಲುವ ಅನುಕೂಲ ಯಾರಿಗಿದೆ? ದುಡಿದರೆ ಮಾತ್ರ ಸಂಜೆ ಒಲೆ ಹತ್ತುವ ಜನಕ್ಕೆ ಅದು ಇಲ್ಲ. ಅವರು ಕಾಣಿಸಬೇಕಾದರೆ ಕೆಲಸ ನಿಲ್ಲಿಸಬೇಕು. 2022ರ ಜುಲೈ ಮೊದಲ ವಾರದಲ್ಲಿ ನಮ್ಮ ರಾಜ್ಯದ ಪೌರಕಾರ್ಮಿಕರು ಕೆಲಸ ಖಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟರು. ಆಗ ಪೇಪರುಗಳಲ್ಲಿ ಅವರ ಪಟ ಬಂತು, ಮಂತ್ರಿಗಳು ಮಾತಾಡಿದರು, ಸರ್ಕಾರ ಭರವಸೆ ಕೊಟ್ಟಿತು. ಅದಕ್ಕೆ ಹಿಂದಿನ ಅಷ್ಟೂ ವರ್ಷ ಅವರು ದಿನವೂ ಅದೇ ಬೀದಿಗಳಲ್ಲಿ ಇದ್ದರು. ನಿಂತಿರಲಿಲ್ಲ, ಅಷ್ಟೆ.

ಬೆಳಕಿನ ಕತೆಯೂ ಹೀಗೇ ಇದೆ. ಈ ಅರಮನೆ ಹಳೆಯದಲ್ಲ. ಮರದ ಹಳೆ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಹೋಯಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಈಗಿನದು 1912ರಲ್ಲಿ ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ, ಆ ಕಾಲದ ರೂಪಾಯಿ. ನಕ್ಷೆ ಬರೆದವನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ಬೂದು ಗ್ರಾನೈಟನ್ನು ಸೀಳಿ, ಹೊತ್ತು, ಮೇಲೇರಿಸಿದವರ ಹೆಸರು ಯಾವ ಮಗುವಿಗೂ ಗೊತ್ತಿಲ್ಲ, ಮೇಷ್ಟ್ರಾದ ನನಗೂ ಗೊತ್ತಿಲ್ಲ. ಕಟ್ಟಡ ಏಳುತ್ತಿದ್ದ ಕಾಲದಲ್ಲೇ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿತು. ಅದು ಮೊದಲು ಹೋದದ್ದು ಯಾರ ಮನೆಯ ದೀಪಕ್ಕೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿದೀಪ ಅದರ ನಂತರ, 1905ರಲ್ಲಿ. ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. 2001ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಲ್ಲಿಂದ ಮೇಲೆ ಬಂದ ಚಿನ್ನದ ಮೇಲಿನ ರಾಜಧನ ಮೈಸೂರು ಸಂಸ್ಥಾನದ ಬೊಕ್ಕಸಕ್ಕೂ ಸೇರುತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಅಂತಾರೆ ನಮ್ಮ ಜನ. ಈ ದೀಪದ ಬುಡ ಕೋಲಾರದವರೆಗೆ ಹೋಗುತ್ತದೆ.

ನ್ಯಾಯಕ್ಕೆ ಇದನ್ನೂ ಹೇಳಬೇಕು. ಆ ಅರಮನೆಯಲ್ಲಿ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ, 1918ರಲ್ಲಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕೆಂದು ಮಿಲ್ಲರ್ ಸಮಿತಿ ಕೂತಿತು. ಅದನ್ನು ಮರೆತು ಬರೀ ಬೈದರೆ ನಾವೂ ಅರ್ಧ ಚಿತ್ರ ತೆಗೆದ ಹಾಗೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಅವತ್ತು ತಾರಸಿಯ ಮೇಲೆ ಹುಡುಗನಿಗೆ ಪಾಠ ಹೇಳಲು ಶುರುಮಾಡಿದೆ. ಮೇಷ್ಟ್ರ ಚಟ. "ನಿನ್ನ ಚಿಕ್ಕವ್ವನನ್ನೇ ಅಳಿಸಿಹಾಕಿದ ಚಿತ್ರ ನೋಡಿ ಹಿಗ್ತೀಯಲ್ಲೋ. ನಮ್ಮ ಬೆವರು ಹೀರಿದ ಅರಮನೆ ಇದು. ಇದರ ಚೆಂದ ನಮಗ್ಯಾಕೆ?" ಅಂದೆ.

ಅವನು ತಲೆ ತಗ್ಗಿಸಲಿಲ್ಲ. "ಸಾ, ನೀವು ಹೇಳೋದು ಸರಿ. ಆದ್ರೆ ಒಂದ್ ಮಾತು. ಈ ಮೂಲೇಲಿ ನಿಂತ್ಕೊಳಕೆ ನಾನು ಮೂರು ವರ್ಷ ಕುರ್ಚಿ ಹೊತ್ತಿವ್ನಿ. ಮ್ಯಾಲಿಂದ ನೋಡೋದು ಏನು ಅವರಪ್ಪಂದಾ? ಚೆಂದ ಅನ್ನೋದನ್ನೂ ಅವರಿಗೇ ಬಿಟ್ಟುಕೊಟ್ಟು ನಾವು ಬರೀ ನೋವನ್ನೇ ನೋಡ್ತಾ ಕೂರಬೇಕಾ?"

ನನ್ನ ಬಾಯಿ ಕಟ್ಟಿತು. ಹುಣಸೆ ಮರದಿಂದ ಇಳಿಸಿದವರ ಮಾತನ್ನು ನಾನು ಬೇರೆ ಭಾಷೆಯಲ್ಲಿ ಹೇಳುತ್ತಿದ್ದೆನಲ್ಲ! ಅವರು "ಇಳಿ, ನಿನಗೆ ಹಕ್ಕಿಲ್ಲ" ಅಂದರು. ನಾನು "ಇಳಿ, ನಿನಗೆ ಶೋಭೆಯಲ್ಲ" ಅಂದೆ. ಹುಡುಗನ ಪಾಲಿಗೆ ಎರಡೂ ಒಂದೇ. ಕಲ್ಲು ಸೀಳಿದವರ ಮೊಮ್ಮಕ್ಕಳಿಗೆ ಆ ಕಲ್ಲಿನ ಚೆಂದವನ್ನು ನೋಡುವ ಹಕ್ಕು ಮಿಕ್ಕವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಆದ್ದರಿಂದ ಮಾಳಿಗೆ ಹತ್ತಬೇಡ ಅನ್ನುವುದು ನಮ್ಮ ನೀತಿ ಆಗಲಾರದು.

ಹಾಗಾದರೆ ತಪ್ಪು ಎಲ್ಲಿದೆ? ಯಂತ್ರಕ್ಕೆ ಜಾತಿ ಇಲ್ಲ, ಅದು ಕಂಡದ್ದನ್ನು ಕಂಡ ಹಾಗೆ ತೋರಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡ್ಯಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಒಬ್ಬ ಬಿಳಿ ಹೆಂಗಸಿನ ಚಿತ್ರದ ಕಾರ್ಡು ಕಳಿಸುತ್ತಿತ್ತು. ಶರ್ಲಿ ಕಾರ್ಡ್ ಅಂತ ಅದರ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಆ ಅಳತೆಯಲ್ಲಿ ಕಪ್ಪು ಜನರ ಮುಖ ಮಸಿಯ ಹಾಗೆ ಬರುತ್ತಿತ್ತು, ಕಣ್ಣು ಹಲ್ಲು ಮಾತ್ರ ಕಾಣುತ್ತಿದ್ದವು. ಕಂದು ಬಣ್ಣ ಸರಿಯಾಗಿ ಬರುವುದಿಲ್ಲ ಎಂದು ಚಾಕೊಲೇಟು ಮಾರುವವರು, ಮರದ ಸಾಮಾನು ಮಾರುವವರು ದೂರು ಹೇಳಿದ ಮೇಲೆ ಫಿಲ್ಮು ಸುಧಾರಿಸಿತೆಂದು ಆ ಕಂಪನಿಯಲ್ಲಿ ಕೆಲಸ ಮಾಡಿದವರೇ ಮುಂದೆ ಹೇಳಿದ್ದಾರೆ. ಯಂತ್ರದೊಳಗೆ ಅಳತೆಗೋಲು ಇಟ್ಟವನು ಮನುಷ್ಯ. ಅವನ ಸರಿ ತಪ್ಪು ಅದರೊಳಗೆ ಕೂತಿರುತ್ತದೆ.

ಎಂಟು ಸೆಕೆಂಡೂ ಅಂಥ ಒಂದು ಅಳತೆಗೋಲೇ. ಅದನ್ನು ಆರಿಸಿದವನು ನಮ್ಮ ಹುಡುಗ. ಬೇರೆಯದನ್ನೂ ಆರಿಸಬಹುದು. ಐಎಸ್‌ಒ ಏರಿಸಿ, ತೂತು ಅಗಲ ಮಾಡಿ, ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ತೆಗೆದರೆ ಜನ ಬರುತ್ತಾರೆ. ಅದಕ್ಕೆ ಬೆಲೆ ಕೊಡಬೇಕು. ಚಿತ್ರದ ಮೈಮೇಲೆ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು ಏಳುತ್ತದೆ, ಕಾರಿನ ಚೆಂದದ ಗೆರೆಗಳು ಹೋಗುತ್ತವೆ. ಅಂಥ ಚಿತ್ರವನ್ನು ಯಾರೂ "ಕ್ಲೀನು" ಅನ್ನುವುದಿಲ್ಲ, ಕ್ಯಾಲೆಂಡರಿಗೆ ಹಾಕುವುದಿಲ್ಲ. ಎರಡು ಚಿತ್ರವೂ ಸುಳ್ಳಲ್ಲ. ಒಂದು ನಿಂತವರ ಸತ್ಯ, ಇನ್ನೊಂದು ನಡೆಯುವವರ ಸತ್ಯ. ಒಂದನ್ನು ಆರಿಸಿಕೊಂಡು "ಕ್ಯಾಮೆರಾಕ್ಕೆ ಕಂಡದ್ದೇ ಇಷ್ಟು" ಅಂತ ಕೈ ತೊಳೆದುಕೊಂಡರೆ ಅದು ಮೋಸ. ನನಗೆ ತಿಳಿದ ಮಟ್ಟಿಗೆ ಎತ್ತರದಲ್ಲಿ ನಿಂತವನ ಹೊಣೆ ಇದು: ತನ್ನ ಚಿತ್ರದ ಖಾಲಿ ಜಾಗ ಖಾಲಿ ಇರಲಿಲ್ಲ ಎಂಬುದು ಅವನಿಗೆ ಗೊತ್ತಿರಬೇಕು. ಕೇಳಿದವರಿಗೆ ಅದನ್ನು ಹೇಳಬೇಕು. ನಮ್ಮ ಹುಡುಗ ಹೇಳಿದ. "ಕೆಳಗೆ ನಮ್ ಚಿಕ್ಕವ್ವನೂ ಇತ್ತು" ಅಂದ. ಮೋರ್ಸ್ ಬೂಟು ಉಜ್ಜುವವನನ್ನು ಎಣಿಸಲಿಲ್ಲ.

ಇಲ್ಲಿಗೆ ಲೇಖನ ಮುಗಿಸಬಹುದಿತ್ತು. ಮುಗಿಸಲು ಆ ತಾಯಿ ಬಿಡಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಇಬ್ಬರೂ ಕೆಳಗಿಳಿದೆವು. ಅರಮನೆ ಆರಿತ್ತು. ರಸ್ತೆ ತುಂಬ ಹರಿದ ಬಲೂನು, ಜೋಳದ ದಿಂಡು, ಕಾಗದದ ಲೋಟ. ಚಿಕ್ಕವ್ವ ಉದ್ದ ಪೊರಕೆಯಲ್ಲಿ ಒಂದು ಕಡೆಗೆ ಎಳೆಯುತ್ತಿದ್ದಳು. ಹುಡುಗ ಪರಿಚಯ ಮಾಡಿಸಿದ. ನನ್ನ ತಲೆಯಲ್ಲಿ ಇನ್ನೂ ಲೇಖನ ಓಡುತ್ತಿತ್ತು. "ತಂಗ್ಯವ್ವ, ಹಿಂಗೇ ಪೊರಕೆ ಹಿಡ್ಕೊಂಡು ಒಂದು ಗಳಿಗೆ ನಿಂತ್ಕೋ. ಇವನು ಪಟ ತೆಗೀಲಿ. ಜನ ನೋಡಲಿ" ಅಂದೆ.

ಅವಳು ನಕ್ಕಳು. "ಬ್ಯಾಡಿ ಮೇಷ್ಟ್ರೆ. ಪೊರಕೆ ಜೊತೇಲಿ ನನ್ನ ನೋಡ್ದೋರು ಬೇಕಾದಷ್ಟು ಜನ ಅವ್ರೆ. ಈ ಕೆಲಸ ನಾನು ಹೊಟ್ಟೆಗೆ ಮಾಡೋದು, ಪಟಕ್ಕಲ್ಲ." ಆಮೇಲೆ ಹುಡುಗನ ಕಡೆ ತಿರುಗಿ, "ಲೋ ಮಗ, ದೀಪ ಹಚ್ಚೋ ಭಾನುವಾರ ಒಂದ್ಸಲ ಕರಿಯಪ್ಪ. ಮದುವೇಲಿ ಕೊಟ್ಟ ಹಸಿರು ಸೀರೆ ಉಟ್ಕೊಂಡು ಬತ್ತೀನಿ. ಅರಮನೆ ಹಿಂದ್ಗಡೆ ಬರಂಗೆ ತಗಿ" ಅಂದಳು.

ಅವತ್ತು ರಾತ್ರಿ ಎರಡನೇ ಸಲ ನನ್ನ ಬಾಯಿ ಕಟ್ಟಿತು. ಅವಳನ್ನು ಅಳಿಸಿದ್ದು ತಪ್ಪು ಅಂತ ಉಪನ್ಯಾಸ ಕೊಟ್ಟವನು ನಾನು. ಕಾಣಿಸುವುದಾದರೆ ಹೇಗೆ ಕಾಣಿಸಬೇಕು ಅಂತ ಅವಳನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನಾವು ಬರೆಯುವವರು, ಭಾಷಣ ಮಾಡುವವರು, ನಮ್ಮ ಜನರನ್ನು ಪೊರಕೆ, ಚಪ್ಪಲಿ, ಹಸಿವು, ಕಣ್ಣೀರಿನ ಜೊತೆ ಎಷ್ಟು ಸಲ ಹೀಗೆ ನಿಲ್ಲಿಸಿಲ್ಲ? ನಮ್ಮ ಉದ್ದೇಶ ಒಳ್ಳೆಯದೇ. ಆದರೂ ನಿಲ್ಲು ಎಂದದ್ದು ನಾವು, ನಿಂತದ್ದು ಅವರು. ಅದೂ ಒಂದು ಮಾಳಿಗೆಯೇ.

ಭಾನುವಾರ, ರಜಾದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ, ಒಂದು ಗಂಟೆಯೊಳಗೆ ಆರಿಸುತ್ತಾರೆ. ಹಬ್ಬ ಕಳೆದು ಮೂರನೇ ಭಾನುವಾರ ಚಿಕ್ಕವ್ವನಿಗೆ ಬಿಡುವಾಯಿತಂತೆ. ಹಸಿರು ಸೀರೆ, ಮುಡಿಯಲ್ಲಿ ಒಂದು ಮೊಳ ಹೂವು. ಹುಡುಗ ಅವಳನ್ನು ತಾರಸಿಗೆ ಹತ್ತಿಸಿದ್ದಾನೆ. ದೀಪದ ಲೆಕ್ಕಕ್ಕೆ ತೆಗೆದರೆ ಅವಳ ಕಪ್ಪು ಮುಖ ಕತ್ತಲಲ್ಲಿ ಕರಗುತ್ತಿತ್ತು. ಅವನು ಮುಖದ ಲೆಕ್ಕಕ್ಕೆ ತೆಗೆದ.

ಆ ಪಟವನ್ನು ಅವಳ ಮನೆಯಲ್ಲಿ ನೋಡಿದೆ. ಟೀವಿಯ ಮೇಲೆ, ಅಂಬೇಡ್ಕರ್ ಪಟದ ಪಕ್ಕದಲ್ಲಿ ನೇತುಹಾಕಿದ್ದಾಳೆ. ಹಿಂದಿನ ಅರಮನೆ ಬೆಳಕು ಹೆಚ್ಚಾಗಿ ಬರೀ ಬಿಳಿ ಮಚ್ಚೆ ಆಗಿದೆ. ಯಾವುದು ಕಮಾನು, ಯಾವುದು ಗುಮ್ಮಟ ಗೊತ್ತಾಗುವುದಿಲ್ಲ. ಚಿಕ್ಕವ್ವನ ಮುಖ, ಮೂಗುಬೊಟ್ಟು, ಕೆನ್ನೆಯ ಮೇಲಿನ ಹಳೆ ಗಾಯದ ಗೆರೆ ಎಲ್ಲ ಸರಿಯಾಗಿ ಬಂದಿದೆ.

"ಅರಮನೆ ಕೆಟ್ಟೋಯ್ತು ಸಾ" ಅಂದ ಹುಡುಗ.

"ಅದು ಎಲ್ಲಿ ಹೋಯ್ತದೆ, ಅಲ್ಲೇ ಅದಲ್ಲ" ಅಂದಳು ಚಿಕ್ಕವ್ವ.